ಹಳ್ಳಿಯ ಹಿರಿಯರಿಗೆ ಸೈಡ್-ಬೈ-ಸೈಡ್ ಗಾಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಅಮೆರಿಕದ ಮಿಸೌರಿ ರಾಜ್ಯದ ಓಝಾರ್ಕ್ ಗುಡ್ಡಗಳ ನಡುವೆ. ಜಲ್ಲಿ ರಸ್ತೆ, ಕಲ್ಲು ನೆಲ, ದನದ ಹುಲ್ಲುಗಾವಲು, ಮನೆಯಿಂದ ಮನೆಗೆ ದೂರ. ಇಲ್ಲಿ ಎಪ್ಪತ್ತು ದಾಟಿದವರು ಬೇಲಿ ರಿಪೇರಿ ಮಾಡುವುದು, ದನ ಎಣಿಸಿ ಬರುವುದು ದಿನನಿತ್ಯದ ನೋಟ. 2022ರ ಕೃಷಿ ಗಣತಿಯಲ್ಲಿ ಈ ದೇಶದ ಕೃಷಿಕರ ಸರಾಸರಿ ವಯಸ್ಸೇ 58.1 ಬಂದಿದೆ. ಈಚೆಗೆ ಕನ್ನಡದ ಕುಟುಂಬಗಳೂ ಊರಾಚೆ ಎಕರೆಗಟ್ಟಲೆ ಜಮೀನು ತೆಗೆದುಕೊಳ್ಳುತ್ತಿವೆ, ಅಪ್ಪ-ಅಮ್ಮ, ಅತ್ತೆ-ಮಾವ ಬಂದು ಜೊತೆಗಿರುತ್ತಾರೆ. ಹಾಗಾಗಿ "ನಮ್ಮ ಮಾವನಿಗೆ ಯಾವ ಗಾಡಿ ಕೊಡಿಸೋಣ" ಅನ್ನುವ ಪ್ರಶ್ನೆ ನನಗೆ ಆಗಾಗ ಬರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಿರಿಯರಿಗೆ ಗಾಡಿ ಆರಿಸುವಾಗ ಎಂಜಿನ್ ನೋಡುವುದು ಕೊನೆಗೆ. ಅವರ ಸೊಂಟ, ಮಂಡಿ, ಭುಜ, ಬೆರಳು, ಕಣ್ಣು ಮೊದಲು.

ಸೈಡ್-ಬೈ-ಸೈಡ್ ಅಂದರೆ ಯಾವ ಗಾಡಿ?

ಇಬ್ಬರು ಅಕ್ಕಪಕ್ಕ ಕೂತು ಹೋಗುವ, ಕಾರಿನ ಹಾಗೆ ಸ್ಟೀರಿಂಗ್ ಮತ್ತು ಪೆಡಲ್ ಇರುವ, ಹಿಂದೆ ಸಾಮಾನು ಹಾಕಲು ಸಣ್ಣ ಬೆಡ್ ಇರುವ ಜಮೀನಿನ ಗಾಡಿ. ಯುಟಿವಿ ಅಂತಲೂ ಕರೆಯುತ್ತಾರೆ. ತಲೆಯ ಮೇಲೆ ಕಬ್ಬಿಣದ ಕೊಳವೆಗಳ ಚೌಕಟ್ಟು, ಸೀಟಿಗೆ ಬೆಲ್ಟ್ ಇರುತ್ತವೆ. ಕವಾಸಾಕಿ 1988ರಲ್ಲಿ ಮ್ಯೂಲ್ ಅನ್ನು ತಂದಿತು. ಆಮೇಲೆ ಜಾನ್ ಡಿಯರ್ ಗೇಟರ್, ಪೊಲಾರಿಸ್ ರೇಂಜರ್, ಕುಬೋಟಾ ಆರ್‌ಟಿವಿ, ಹೋಂಡಾ ಪಯೋನಿಯರ್, ಕ್ಯಾನ್-ಆಮ್ ಡಿಫೆಂಡರ್ ಬಂದವು. ಇದೇ ಜಾತಿಯಲ್ಲಿ ಮರಳುಗುಡ್ಡದ ಮೇಲೆ ಹಾರಿಸುವ ಸ್ಪೋರ್ಟ್ ಮಾದರಿಗಳೂ ಇವೆ. ಅವು ಈ ಪುಟದ ವಿಷಯವಲ್ಲ, ಹಿರಿಯರಿಗೆ ಬೇಡವೂ ಬೇಡ.

ಮಾವ ನಾಲ್ಕು ಚಕ್ರದ ಎಟಿವಿ ಚೆನ್ನಾಗಿಯೇ ಓಡಿಸ್ತಾರೆ. ಅದೇ ಸಾಲದೇ?

ಎಟಿವಿ ಮೇಲೆ ಬೈಕಿನ ಹಾಗೆ ಕಾಲು ಆಚೀಚೆ ಹಾಕಿ ಕೂರಬೇಕು. ತಿರುವಿನಲ್ಲಿ, ಇಳಿಜಾರಿನಲ್ಲಿ ಮೈಭಾರವನ್ನು ಅತ್ತಿತ್ತ ಹೊರಳಿಸಿದರೇ ಅದು ನೆಟ್ಟಗೆ ನಿಲ್ಲುವುದು. ಮಗುಚಿದರೆ ಗಾಡಿ ಮೈಮೇಲೆ ಬೀಳುತ್ತದೆ, ತಡೆಯಲು ಚೌಕಟ್ಟು ಇಲ್ಲ. ಅರವತ್ತೈದರಲ್ಲಿ ತಾನಾಗಿ ಬಾಗುತ್ತಿದ್ದ ಮೈ ಎಪ್ಪತ್ತೆಂಟರಲ್ಲಿ ಅರೆಕ್ಷಣ ತಡವಾಗಿ ಬಾಗುತ್ತದೆ. ಅವರು ಚೆನ್ನಾಗಿ ಓಡಿಸುತ್ತಿರುವಾಗಲೇ ಸೈಡ್-ಬೈ-ಸೈಡ್‌ಗೆ ಬದಲಾಯಿಸುವುದು ಒಳ್ಳೆಯದು. ಬಿದ್ದ ಮೇಲೆ ಬದಲಾಯಿಸಿದರೆ ಹೊಸ ಗಾಡಿ ಕಲಿಯುವ ಧೈರ್ಯವೇ ಉಳಿದಿರುವುದಿಲ್ಲ.

ಷೋರೂಮಿಗೆ ಹೋದಾಗ ಮೊದಲು ಏನು ನೋಡಬೇಕು?

ಹಿರಿಯರನ್ನು ಕರೆದುಕೊಂಡೇ ಹೋಗಿ. ಮಕ್ಕಳು ಹೋಗಿ ಇಷ್ಟಪಟ್ಟು ತಂದು ನಿಲ್ಲಿಸಿದ ಗಾಡಿ ಕೊಟ್ಟಿಗೆಯಲ್ಲೇ ಧೂಳು ಹಿಡಿಯುವುದನ್ನು ನೋಡಿದ್ದೇನೆ. ಹೋಗುವಾಗ ಅವರು ದಿನಾ ಹಾಕುವ ಬೂಟು, ಚಳಿಗಾಲದ ದಪ್ಪ ಜಾಕೆಟ್, ಗ್ಲೌಸ್ ಹಾಕಿಕೊಳ್ಳಲಿ. ಬೇಸಿಗೆಯ ಟೀ ಶರ್ಟಿನಲ್ಲಿ ಸಲೀಸಾಗಿ ಹತ್ತುವ ಗಾಡಿ ಜನವರಿಯಲ್ಲಿ ಬೇರೆಯದೇ ಗಾಡಿ.

ಈಗ ಅವರು ಹತ್ತುವುದನ್ನು ಸುಮ್ಮನೆ ನಿಂತು ನೋಡಿ. ಪಕ್ಕದ ಫಾರ್ಮಿನ ಹಿರಿಯರಿಗೆ ಸೊಂಟದ ಕೀಲು ಬದಲಾಯಿಸಿದ್ದಾರೆ. ಅವರು ಮೊದಲು ಗಾಡಿಗೆ ಬೆನ್ನು ಮಾಡಿ ಸೀಟಿನ ಅಂಚಿಗೆ ಕೂರುತ್ತಾರೆ, ಚೌಕಟ್ಟಿನ ಕೊಳವೆ ಹಿಡಿದು ಮೈ ತಿರುಗಿಸುತ್ತಾರೆ, ಆಮೇಲೆ ಪ್ಯಾಂಟಿನ ಮಂಡಿಯ ಬಟ್ಟೆ ಹಿಡಿದು ಕಾಲನ್ನು ಕೈಯಿಂದಲೇ ಎತ್ತಿ ಒಳಗಿಡುತ್ತಾರೆ. ಈ ಮೂರು ಹೆಜ್ಜೆಗೂ ಗಾಡಿ ಒಗ್ಗಬೇಕು. ಸೀಟು ಅವರ ಪೃಷ್ಠದ ಎತ್ತರಕ್ಕೆ ಹತ್ತಿರವಿರಬೇಕು: ತುಂಬ ಕೆಳಗಿದ್ದರೆ ಏಳಲಾಗದು, ಮೇಲಿದ್ದರೆ ಜಿಗಿಯಬೇಕಾಗುತ್ತದೆ. ಸೀಟಿನ ಪಕ್ಕ ಎದ್ದುನಿಂತ ಅಂಚು ಇರಬಾರದು, ಬೆಂಚಿನಂಥ ಚಪ್ಪಟೆ ಸೀಟಾದರೆ ಜರುಗಲು ಸುಲಭ. ನೆಲದ ಪಟ್ಟಿ ಸಪಾಟಾಗಿರಬೇಕು, ಬೂಟಿನ ತುದಿ ತಾಗುವ ಎತ್ತರದ ಅಂಚು ಇದ್ದರೆ ಅಲ್ಲೇ ಎಡವುತ್ತಾರೆ. ಕೈ ತಾನಾಗಿ ಹೋಗುವ ಜಾಗದಲ್ಲಿ ಗಟ್ಟಿ ಹಿಡಿಕೆ ಬೇಕು. ಸ್ಟೀರಿಂಗನ್ನೇ ಹಿಡಿದು ಏಳುವ ಅಭ್ಯಾಸ ಹೆಚ್ಚಿನವರಿಗಿದೆ. ಅದು ಓಲಾಡಿದರೆ ಮೈಯೂ ಓಲಾಡುತ್ತದೆ. ಮೇಲೆ ಕೆಳಗೆ ಸರಿಸಬಹುದಾದ ಟಿಲ್ಟ್ ಸ್ಟೀರಿಂಗ್ ಇದ್ದರೆ ತೊಡೆಗೆ ಜಾಗ ಸಿಗುತ್ತದೆ.

ಒಂದು ಸಲ ಹತ್ತಿ ಇಳಿದರೆ ಏನೂ ತಿಳಿಯುವುದಿಲ್ಲ. ನಾಲ್ಕೈದು ಸಲ ಮಾಡಿಸಿ. ಕೊನೆಯ ಸಲ ಮುಖ ನೋಡಿದರೆ ಸಾಕು, ಉತ್ತರ ಅಲ್ಲೇ ಇರುತ್ತದೆ.

ಅಷ್ಟೊಂದು ಸಲ ಹತ್ತಿ ಇಳಿಯುವ ಕೆಲಸ ಎಲ್ಲಿರುತ್ತೆ?

ಗೇಟುಗಳಲ್ಲಿ. ದನದ ಜಮೀನಿನಲ್ಲಿ ಒಂದು ಗೇಟು ದಾಟಲು ಇಳಿದು ತೆಗೆಯಬೇಕು, ಹತ್ತಿ ಒಳಗೆ ಹೋಗಬೇಕು, ಮತ್ತೆ ಇಳಿದು ಹಾಕಬೇಕು, ಮತ್ತೆ ಹತ್ತಬೇಕು. ದೂರದ ಹುಲ್ಲುಗಾವಲಿಗೆ ಮೂರು ಗೇಟು ಇದ್ದರೆ ಹೋಗಿ ಬರುವಷ್ಟರಲ್ಲಿ 12 ಸಲ ಇಳಿದು 12 ಸಲ ಹತ್ತಿರುತ್ತಾರೆ. ಕರು ಹಾಕುವ ಕಾಲದಲ್ಲಿ ದಿನಕ್ಕೆ ಎರಡು ಸುತ್ತು. ಸುಸ್ತಾದಾಗ ಬೆಲ್ಟ್ ಹಾಕಿಕೊಳ್ಳುವುದನ್ನು ಬಿಡುತ್ತಾರೆ. ಆಮೇಲೆ ಗೇಟು ಹಾಕುವುದನ್ನೂ ಬಿಡುತ್ತಾರೆ.

ಆದ್ದರಿಂದ ಗಾಡಿಯ ಬಜೆಟ್ಟಿನಲ್ಲಿ ಗೇಟುಗಳಿಗೂ ಒಂದು ಪಾಲು ಎತ್ತಿಡಿ ಅಂತ ನಾನು ಪಟ್ಟು ಹಿಡಿದು ಹೇಳುತ್ತೇನೆ. ನೆಲದಲ್ಲಿ ಗುಂಡಿ ತೋಡಿ ಮೇಲೆ ಕಬ್ಬಿಣದ ಕೊಳವೆಗಳನ್ನು ಅಡ್ಡ ಜೋಡಿಸುವ ಕ್ಯಾಟಲ್ ಗಾರ್ಡ್ ಹಾಕಿಸಿದರೆ ಗಾಡಿ ನೇರ ದಾಟುತ್ತದೆ, ದನ ದಾಟುವುದಿಲ್ಲ. (ಕುದುರೆ ಸಾಕಿದ್ದರೆ ಎಚ್ಚರ, ಕಾಲು ಸಿಕ್ಕಿಹಾಕಿಕೊಳ್ಳಬಹುದು.) ಸೋಲಾರ್ ಪ್ಯಾನೆಲ್ಲಿನಿಂದ ನಡೆಯುವ, ರಿಮೋಟ್ ಒತ್ತಿದರೆ ತೆರೆಯುವ ಗೇಟ್ ಓಪನರ್‌ಗಳೂ ಸಿಗುತ್ತವೆ. ಅಲ್ಯೂಮಿನಿಯಂ ಗಾಲಿ, ಬಣ್ಣದ ದೀಪ, ಸ್ಪೀಕರ್ ಬಿಟ್ಟು ಆ ದುಡ್ಡನ್ನು ಇಲ್ಲಿ ಹಾಕಿ.

ಎಷ್ಟು ಹಾರ್ಸ್‌ಪವರ್, ಎಷ್ಟು ವೇಗ ಬೇಕು?

ನೀವು ಅಂದುಕೊಂಡಿರುವುದಕ್ಕಿಂತ ಕಡಿಮೆ. ರೇಂಜರ್ ಎಕ್ಸ್‌ಪಿ 1000, ಡಿಫೆಂಡರ್ ಎಚ್‌ಡಿ10 ಎರಡೂ ಸುಮಾರು 82 ಹಾರ್ಸ್‌ಪವರ್. ಒಳ್ಳೆಯ ಗಾಡಿಗಳೇ. ಆದರೆ ಬೇಲಿ ನೋಡಿಕೊಂಡು ಹೋಗುವವರಿಗೆ ಅಷ್ಟರ ಅಗತ್ಯವಿಲ್ಲ, ಬೂಟು ಕಾಲು ತುಸು ಹೆಚ್ಚು ಒತ್ತಿದರೆ ಮುಂದಕ್ಕೆ ಚಿಮ್ಮುತ್ತವೆ. ಕವಾಸಾಕಿ ಮ್ಯೂಲ್ ಎಸ್‌ಎಕ್ಸ್, ಕುಬೋಟಾದ ಡೀಸೆಲ್ ಆರ್‌ಟಿವಿಗಳು ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತವೆ. ಗೇಟರ್ ಟಿಎಕ್ಸ್ 20 ಮೈಲಿಗೆ. ಜಮೀನಿನೊಳಗೆ ಇಷ್ಟು ಧಾರಾಳ.

ಈಗಾಗಲೇ ದೊಡ್ಡ ಗಾಡಿ ಮನೆಯಲ್ಲಿದ್ದರೆ ವೇಗ ಮಿತಿ ಹಾಕುವ ಕೀಲಿ ಇದೆಯೇ ನೋಡಿ. ಡಿಫೆಂಡರ್‌ಗೆ ಕೆಲಸದ ಕೀಲಿ ಬೇರೆ, ಪೂರ್ತಿ ಶಕ್ತಿಯ ಕೀಲಿ ಬೇರೆ ಸಿಗುತ್ತದೆ. ಹಿರಿಯರಿಗೆ ಹೇಳಿಯೇ ಕೆಲಸದ ಕೀಲಿ ಕೊಡಿ. ಗುಟ್ಟಾಗಿ ಬದಲಾಯಿಸಿದರೆ ಗಾಡಿ ಕೆಟ್ಟಿದೆ ಅಂದುಕೊಂಡು ಮೆಕ್ಯಾನಿಕ್ಕನ್ನು ಕರೆಸುತ್ತಾರೆ, ಗೊತ್ತಾದ ಮೇಲೆ ಮನಸ್ಸು ನೋಯಿಸಿಕೊಳ್ಳುತ್ತಾರೆ.

ಪವರ್ ಸ್ಟೀರಿಂಗ್ ಮಾತ್ರ ಬೇಕೇ ಬೇಕು. ಕಲ್ಲಿಗೆ ಚಕ್ರ ಬಡಿದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ತಿರುಗುತ್ತದೆ. ಸಂಧಿವಾತ ಇರುವ ಹೆಬ್ಬೆರಳಿಗೆ ಅದು ಸಣ್ಣ ಪೆಟ್ಟಲ್ಲ.

"ನಿಧಾನಕ್ಕೆ ಹೋಗ್ತೀನಲ್ಲ, ಬೆಲ್ಟ್ ಯಾಕೆ" ಅಂತಾರೆ. ಏನು ಹೇಳೋಣ?

ಯಮಹಾ ರೈನೋ ಅನ್ನುವ ಸೈಡ್-ಬೈ-ಸೈಡ್‌ನ ವಿಷಯ ಹೇಳಿ. 2009ರ ಮಾರ್ಚಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮತ್ತು ಯಮಹಾ ಸೇರಿ ಆ ಗಾಡಿಗಳಿಗೆ ಉಚಿತ ರಿಪೇರಿ ಪ್ರಕಟಿಸಿದವು. ಹಿಂದಿನ ಚಕ್ರಗಳನ್ನು ಹೊರಕ್ಕೆ ಸರಿಸುವ 50 ಮಿ.ಮೀ. ದಪ್ಪದ ಬಿಲ್ಲೆ (ಸ್ಪೇಸರ್) ಹಾಕಿ ಅಗಲ ಮಾಡುವುದು, ಹಿಂದಿನ ಸ್ಟೆಬಿಲೈಸರ್ ಬಾರ್ ತೆಗೆಯುವುದು ಅದರಲ್ಲಿ ಸೇರಿತ್ತು. ಆ ಹೊತ್ತಿಗೆ ಆಯೋಗ 50ಕ್ಕೂ ಹೆಚ್ಚು ಅಪಘಾತಗಳನ್ನು ಪರಿಶೀಲಿಸಿತ್ತು, ಅವುಗಳಲ್ಲಿ 46 ಜನ ತೀರಿಕೊಂಡಿದ್ದರು. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಪ್ರಕರಣಗಳಲ್ಲಿ ಗಾಡಿ ಮಗುಚಿತ್ತು, ಎಷ್ಟೋ ಜನ ಬೆಲ್ಟ್ ಹಾಕಿರಲಿಲ್ಲ. ಹಲವು ಸಲ ಮಗುಚಿದ್ದು ಗುಡ್ಡದಲ್ಲೂ ಅಲ್ಲ, ಜೋರಾಗಿ ಹೋಗುವಾಗಲೂ ಅಲ್ಲ. ಸಮ ನೆಲದಲ್ಲಿ, ಕಡಿಮೆ ವೇಗದ ತಿರುವಿನಲ್ಲಿ.

ಮಗುಚುವಾಗ ಎಲ್ಲರೂ ತಮಗರಿವಿಲ್ಲದೆ ಕೈಯನ್ನೋ ಕಾಲನ್ನೋ ಹೊರಗೆ ಚಾಚಿ ಆನಿಸಲು ನೋಡುತ್ತಾರೆ. ಆ ಕೈಯ ಮೇಲೇ ಚೌಕಟ್ಟು ಬೀಳುತ್ತದೆ. ಆ ಚೌಕಟ್ಟು ಕಾಪಾಡುವುದು ಅದರ ಒಳಗಿರುವವರನ್ನು, ಬೆಲ್ಟ್ ಇರುವುದು ಅವರನ್ನು ಒಳಗಿಡಲು. ಬಾಗಿಲಿನ ಜಾಗದಲ್ಲಿ ಬರುವ ಬಲೆಯ ಬದಲು ಗಟ್ಟಿ ಬಾಗಿಲು ಹಾಕಿಸಿ. ಬಲೆಯ ಕೊಕ್ಕೆ ಸಿಕ್ಕಿಸಲು ಬೆರಳು ನೋಯುತ್ತದೆ, ಅದಕ್ಕೇ ಯಾರೂ ಸಿಕ್ಕಿಸುವುದಿಲ್ಲ.

ಬೆಲ್ಟ್ ಹಾಕದಿದ್ದರೆ ವೇಗ ಏರದಂತೆ ತಡೆಯುವ ಏರ್ಪಾಡು ಈಗ ಹಲವು ಗಾಡಿಗಳಲ್ಲಿದೆ. 2014ರಲ್ಲಿ ಆಯೋಗ ಮುಂದಿಟ್ಟ ಕರಡು ನಿಯಮದಲ್ಲಿ ಆ ಮಿತಿ ಗಂಟೆಗೆ 15 ಮೈಲಿ ಇತ್ತು. ಈ ಏರ್ಪಾಡು ಇರುವ ಗಾಡಿಯನ್ನೇ ಆರಿಸಿ, ಸೀಟಿನ ಹಿಂದೆ ಬಕಲ್ ಸಿಕ್ಕಿಸಿ ಅದಕ್ಕೆ ಮೋಸ ಮಾಡಲು ಬಿಡಬೇಡಿ. ಭುಜ ಹಿಂದಕ್ಕೆ ತಿರುಗದವರಿಗೆ ಬೆಲ್ಟನ್ನು ಮುಂದೆ ಎಳೆದುಕೊಳ್ಳುವ ಸಣ್ಣ ಹಿಡಿಕೆಗಳು ಸಿಗುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆಯ ಸಣ್ಣ ಪೆಟ್ಟೂ ಅಪಾಯ, ಅವರ ವಿಷಯದಲ್ಲಿ ಹೆಲ್ಮೆಟ್ ಬಗ್ಗೆ ಡಾಕ್ಟರ ಹತ್ತಿರವೇ ಹೇಳಿಸಿ. ಮಕ್ಕಳ ಮಾತಿಗಿಂತ ಅದು ನಡೆಯುತ್ತದೆ.

ಕ್ಯಾಬಿನ್ ಬೇಕಾ? ಬೆಲೆ ತುಂಬ ಹೆಚ್ಚು.

ಹೆಚ್ಚೇ. ಎರಡು ಸೀಟಿನ ಸರಳ ಗಾಡಿ 10–13 ಸಾವಿರ ಡಾಲರ್ ಸುತ್ತ ಶುರುವಾದರೆ, ಹೀಟರ್-ಏಸಿ ಇರುವ ಮುಚ್ಚಿದ ಕ್ಯಾಬಿನ್ನಿನದು 25–30 ಸಾವಿರದ ಹತ್ತಿರ ಅಥವಾ ಆಚೆ ಹೋಗುತ್ತದೆ. ಡೀಲರ್ ಹಾಕುವ ಸಾಗಣೆ ಮತ್ತು ಜೋಡಣೆಯ ಚಾರ್ಜು ಬೇರೆ. ಚಳಿಗಾಲದಲ್ಲಿ ಹಿಮದಲ್ಲೇ ದನಕ್ಕೆ ಮೇವು ಹಾಕುವವರಾದರೆ ಕುಬೋಟಾ ಆರ್‌ಟಿವಿ-ಎಕ್ಸ್1100ಸಿ ನೋಡಿ, ಕ್ಯಾಬಿನ್ ಕಾರ್ಖಾನೆಯಲ್ಲೇ ಕೂಡಿಸಿರುತ್ತದೆ. ಆಗೊಮ್ಮೆ ಈಗೊಮ್ಮೆ ಹೋಗುವವರಿಗೆ ಮೇಲ್ಛಾವಣಿ, ಗಾಜಿನ ವಿಂಡ್‌ಶೀಲ್ಡ್, ಹಿಂದೊಂದು ಹಲಗೆ ಸಾಕು. ಆ ಹಿಂದಿನ ಹಲಗೆ ಮರೆಯಬೇಡಿ. ಮುಂದೆ ಮಾತ್ರ ಪೂರ್ತಿ ಮುಚ್ಚಿದರೆ ಜಲ್ಲಿ ರಸ್ತೆಯ ಧೂಳೆಲ್ಲ ಹಿಂದಿನಿಂದ ಸುತ್ತಿಕೊಂಡು ಒಳಗೇ ಬರುತ್ತದೆ. ಪ್ಲಾಸ್ಟಿಕ್ ವಿಂಡ್‌ಶೀಲ್ಡ್ ಬೇಗ ಗೀರು ಬೀಳುತ್ತದೆ. ಪೊರೆ ಬಂದ ಕಣ್ಣಿಗೆ, ಸಂಜೆ ಎದುರುಬಿಸಿಲಿನಲ್ಲಿ ಆ ಗೀರುಗಳ ಮೂಲಕ ಏನೂ ಕಾಣದು.

ಪೆಟ್ರೋಲ್, ಡೀಸೆಲ್, ಬ್ಯಾಟರಿ: ಯಾವುದು?

ಮನೆಯ ಟ್ರ್ಯಾಕ್ಟರಿಗಾಗಿ ಡೀಸೆಲ್ ಟ್ಯಾಂಕ್ ಇದ್ದರೆ ಡೀಸೆಲ್. ಕ್ಯಾನು ಹೊತ್ತು ಪಂಪಿಗೆ ಹೋಗುವುದು ತಪ್ಪುತ್ತದೆ. ಕಡು ಚಳಿಯಲ್ಲಿ ಡೀಸೆಲ್ ಗಟ್ಟಿಯಾಗುತ್ತದೆ, ಚಳಿಗಾಲದ ಮಿಶ್ರಣ ತುಂಬಿಸಿ. ಪೆಟ್ರೋಲ್ ಗಾಡಿಗಳು ಅಗ್ಗ, ಎಲ್ಲೆಡೆ ರಿಪೇರಿಯಾಗುತ್ತವೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಎಥನಾಲ್ ಬೆರೆತ ಪೆಟ್ರೋಲ್ ಕೆಡುತ್ತದೆ, ಕೆಡದಂತೆ ತಡೆಯುವ ಸ್ಟೆಬಿಲೈಸರ್ ದ್ರವ ಬೆರೆಸಿಡಿ.

ಬ್ಯಾಟರಿ ಗಾಡಿ ಹಿರಿಯರಿಗೆ ನಿಜವಾಗಿ ಒಪ್ಪುತ್ತದೆ ಅನ್ನುವುದು ನನ್ನ ಅನಿಸಿಕೆ. ಸದ್ದಿಲ್ಲ, ಹಿಯರಿಂಗ್ ಏಡ್ ಹಾಕಿದವರಿಗೂ ದನ ಕೂಗಿದ್ದು ಕೇಳುತ್ತದೆ, ಕರು ಬೆದರುವುದಿಲ್ಲ, ಆಯಿಲ್ ಬದಲಿಸುವ ಗೊಡವೆ ಇಲ್ಲ. ಪೊಲಾರಿಸ್ 2021ರ ಡಿಸೆಂಬರಿನಲ್ಲಿ ಪ್ರಕಟಿಸಿದ ರೇಂಜರ್ ಎಕ್ಸ್‌ಪಿ ಕೈನೆಟಿಕ್‌ನಲ್ಲಿ ಸಣ್ಣ ಬ್ಯಾಟರಿಗೆ 45 ಮೈಲಿ, ದೊಡ್ಡದಕ್ಕೆ 80 ಮೈಲಿವರೆಗೆ ಅಂತ ಕಂಪನಿ ಹೇಳಿತ್ತು. ಚಳಿ, ಹೇರು, ಏರು ಸೇರಿದರೆ ಇದು ಇಳಿಯುತ್ತದೆ. ಆದರೆ ಅದರದು 110 ಹಾರ್ಸ್‌ಪವರ್. ಪೆಡಲ್ ಮೃದುವಾಗಿ ಓಗೊಡುವ ಮೋಡ್‌ನಲ್ಲೇ ಇಟ್ಟುಕೊಡಿ.

ಗೇರ್ ಹೇಗಿರಬೇಕು?

ಹೆಚ್ಚಿನವುಗಳಲ್ಲಿ ರಬ್ಬರ್ ಬೆಲ್ಟಿನ ಸಿವಿಟಿ ಇದೆ, ಸ್ಕೂಟರಿನ ಹಾಗೆ ಗೇರ್ ಬದಲಿಸುವ ಕೆಲಸವಿಲ್ಲ. ಭಾರ ಹೇರಿಕೊಂಡು ನಿಧಾನ ಹೋಗುವಾಗ ಲೋ ರೇಂಜಿಗೆ (ವೇಗ ಕಡಿಮೆ, ಎಳೆತ ಹೆಚ್ಚು) ಹಾಕಬೇಕು, ಇಲ್ಲವಾದರೆ ಬೆಲ್ಟ್ ಸುಡುತ್ತದೆ. ಹೋಂಡಾ ಪಯೋನಿಯರ್‌ಗಳಲ್ಲಿ ಬೆಲ್ಟಿನ ಬದಲು ಗೇರುಗಳೇ ಇವೆ, ಕುಬೋಟಾ ಡೀಸೆಲ್‌ಗಳದು ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರೋಸ್ಟ್ಯಾಟಿಕ್. ಎರಡೂ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ಇಳಿಸುತ್ತವೆ. ಹಿರಿಯರಿಗೆ ಮುಖ್ಯವಾದದ್ದು ಇನ್ನೊಂದು: ಪಾರ್ಕ್ ಗೇರ್ ಇದೆಯೇ, ಬರೀ ಹ್ಯಾಂಡ್ ಬ್ರೇಕೇ? ಗೇಟಿಗೆಂದು ಇಳಿದಾಗ ಹ್ಯಾಂಡ್ ಬ್ರೇಕ್ ಎಳೆಯಲು ಮರೆತರೆ ಗಾಡಿ ಉರುಳಿ ಬರುತ್ತದೆ.

ಇಳಿಜಾರು, ಹೇರು: ಏನು ಎಚ್ಚರ?

ಇಳಿಜಾರಿಗೆ ಅಡ್ಡಡ್ಡ ಹೋಗಬೇಡಿ, ನೇರ ಹತ್ತಿ, ನೇರ ಇಳಿಯಿರಿ. ಏರು ಅರ್ಧದಲ್ಲಿ ನಿಂತರೆ ತಿರುಗಿಸಲು ಹೋಗದೆ ರಿವರ್ಸಿನಲ್ಲೇ ನೇರ ಇಳಿಸಬೇಕು. ಹೇರು ತಗ್ಗಾಗಿರಲಿ, ಹಗ್ಗ ಕಟ್ಟಿರಲಿ. ಕಳೆನಾಶಕದ ಟ್ಯಾಂಕ್ ಅರ್ಧ ತುಂಬಿದಾಗಲೇ ಹೆಚ್ಚು ಅಪಾಯ, ನೀರು ಒಂದೇ ಕಡೆ ನುಗ್ಗಿ ಗಾಡಿಯನ್ನು ವಾಲಿಸುತ್ತದೆ. ಬೆಡ್ ಮೇಲೆತ್ತಲು ಸ್ವಿಚ್ ಇರುವ ಡಂಪ್ ತೆಗೆದುಕೊಳ್ಳಿ, ಕೈಯಿಂದ ಎತ್ತುವುದು ಬೆನ್ನಿಗೆ ಬೇಡ.

ಊರಲ್ಲಿ ಜೀಪ್ ಓಡಿಸಿ ಅಭ್ಯಾಸ. ಮಹೀಂದ್ರಾ ರಾಕ್ಸರ್ ಕೊಡಿಸಲೇ?

ಮಲೆನಾಡು, ಕೊಡಗಿನ ಎಸ್ಟೇಟಿನಿಂದ ಬಂದ ಹಿರಿಯರು ಇದನ್ನು ನೋಡಿದರೆ ಕಣ್ಣರಳಿಸುತ್ತಾರೆ. ರಾಕ್ಸರ್ 2018ರಲ್ಲಿ ಬಂತು, ಥಾರ್‌ನ ಸಂಬಂಧಿ, ಮಿಷಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿ ಜೋಡಣೆ. 2.5 ಲೀಟರ್ ಡೀಸೆಲ್, ಉಕ್ಕಿನ ಮೈ. ಜೀಪಿನ ಆಕಾರ ನಕಲು ಮಾಡಿದೆ ಅಂತ ಫಿಯೆಟ್ ಕ್ರೈಸ್ಲರ್ ದೂರು ಕೊಟ್ಟು, 2020ರಲ್ಲಿ ಅಮೆರಿಕದ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗ ಹಳೆಯ ವಿನ್ಯಾಸಕ್ಕೆ ತಡೆ ಹಾಕಿತು, ಮುಖ ಬದಲಾಯಿಸಿದ ಮೇಲೆ ಒಪ್ಪಿಗೆ ಸಿಕ್ಕಿತು. ಗಟ್ಟಿ ಗಾಡಿ. ಆದರೆ ಮೊದಲ ಮಾದರಿಗಳೆಲ್ಲ ಕ್ಲಚ್ ಮತ್ತು ಐದು ಗೇರಿನವು, ಹತ್ತುವುದೂ ಎತ್ತರ. ಮಂಡಿನೋವು ಇದ್ದರೆ ಆಟೋಮ್ಯಾಟಿಕ್ ಇರುವುದನ್ನೇ ಹುಡುಕಿ, ಅಥವಾ ಆಸೆಗೆ ಒಂದು ಸುತ್ತು ಹೊಡೆಸಿ ಬೇರೆಯದನ್ನು ಕೊಡಿಸಿ.

ಟಾರ್ ರಸ್ತೆಗೆ ಇಳಿಸಬಹುದೇ?

ರಾಜ್ಯಕ್ಕೊಂದು ಕಾನೂನು. ಅರಿಝೋನಾ, ಯೂಟಾ, ದಕ್ಷಿಣ ಡಕೋಟಾಗಳಲ್ಲಿ ದೀಪ, ಕನ್ನಡಿ, ಹಾರ್ನ್ ಹಾಕಿಸಿ ನೋಂದಣಿ ಮಾಡಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಆ ದಾರಿ ಇಲ್ಲ. ಕೃಷಿ ಕೆಲಸಕ್ಕೆ ಒಂದು ಹೊಲದಿಂದ ಇನ್ನೊಂದಕ್ಕೆ ದಾಟಲು ಹಲವು ರಾಜ್ಯಗಳಲ್ಲಿ ವಿನಾಯಿತಿ ಇದೆ. ಕೌಂಟಿ ಷೆರಿಫ್ ಕಚೇರಿಯಲ್ಲಿ ಕೇಳಿಕೊಳ್ಳಿ. ಅವಕಾಶವಿದ್ದರೂ ಹಿಂದೆ ನಿಧಾನ ಗಾಡಿಯ ಗುರುತಾದ ಕಿತ್ತಳೆ ತ್ರಿಕೋನ ಹಾಕಿ, ಹಗಲಲ್ಲೇ ಹೋಗಿ. ಕಾರಿನ ಟೈರಲ್ಲ ಇದಕ್ಕಿರುವುದು, ಟಾರಿನ ಮೇಲೆ ಹಠಾತ್ ತಿರುಗಿಸಿದರೆ ಹಿಡಿದುಕೊಂಡು ವಾಲಿಸುತ್ತದೆ.

ಸೆಕೆಂಡ್ ಹ್ಯಾಂಡ್ ಆಗುತ್ತಾ?

ಆಗುತ್ತದೆ. ಚೌಕಟ್ಟಿಗೆ ಬೆಸುಗೆ ಬಿದ್ದಿದ್ದರೆ, ಬಾಗಿದ್ದರೆ, ತೂತು ಕೊರೆದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಗಾಡಿಯ ನಂಬರ್ ಕೊಟ್ಟು ಕಂಪನಿಯಲ್ಲಿ ರೀಕಾಲ್ (ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆದದ್ದು) ಬಾಕಿ ಇದೆಯೇ ವಿಚಾರಿಸಿ. ಏರ್ ಫಿಲ್ಟರ್ ಡಬ್ಬಿ ತೆಗೆದು ಇಲಿ ಗೂಡು, ಕಡಿದ ವೈರು ನೋಡಿ. ಕೊಟ್ಟಿಗೆಯಲ್ಲಿ ನಿಂತ ಗಾಡಿಗಳ ದೊಡ್ಡ ಶತ್ರು ಇಲಿಯೇ.

ಒಬ್ಬರೇ ಹೋಗ್ತಾರೆ. ಅಲ್ಲಿ ಫೋನ್ ಸಿಗಲ್ಲ.

ಫೋನು ಗಾಡಿಯ ಡಬ್ಬಿಯಲ್ಲಲ್ಲ, ಮೈಮೇಲಿನ ಜೇಬಿನಲ್ಲಿರಬೇಕು. ಗಾಡಿ ಬಿಟ್ಟು ಬಿದ್ದವರಿಗೆ ಡಬ್ಬಿಯ ಫೋನ್ ಕೈಗೆಟುಕದು. ಐಫೋನ್ 14 ಮತ್ತು ಅದರ ನಂತರದವುಗಳಲ್ಲಿ ಸಿಗ್ನಲ್ ಇಲ್ಲದಿದ್ದರೂ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ಬಯಲಲ್ಲಿ ನಿಂತು ಒಮ್ಮೆ ಅದರ ಡೆಮೊ ಮಾಡಿಸಿ. ಬಿದ್ದರೆ ತಾನಾಗಿ ಗುರುತಿಸುವ ವಾಚುಗಳೂ ಇವೆ. ಇವೆಲ್ಲಕ್ಕಿಂತ ಅಡುಗೆಮನೆಯ ಬೋರ್ಡಿನಲ್ಲಿ "ಉತ್ತರದ ಹುಲ್ಲುಗಾವಲು, 11ಕ್ಕೆ ವಾಪಸ್" ಅಂತ ಬರೆದು ಹೋಗುವ ರೂಢಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಹುಡುಕಲು ಎಲ್ಲಿಗೆ ಹೋಗಬೇಕು ಅನ್ನುವುದಾದರೂ ಗೊತ್ತಿರುತ್ತದೆ.

ಓಡಿಸುವುದನ್ನು ಯಾವಾಗ ನಿಲ್ಲಿಸಬೇಕು?

ವಯಸ್ಸು ನೋಡಿ ಅಲ್ಲ. ಗೇಟಿನ ಕಂಬಕ್ಕೆ ಹೊಸ ಹೊಸ ಉಜ್ಜು ಕಾಣಿಸಿದರೆ, ದಿನಾ ಹೋಗುವ ದಾರಿಯಲ್ಲಿ ಗೊಂದಲವಾದರೆ, ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದರೆ, ಹೊಸ ಮಾತ್ರೆಯಿಂದ ತೂಕಡಿಕೆ ಬರುತ್ತಿದ್ದರೆ ತಕ್ಷಣ ಮಾತಾಡಿ. ಮಾತ್ರೆಯ ತೂಕಡಿಕೆಯನ್ನು ಡಾಕ್ಟರ್ ಸರಿಪಡಿಸಬಹುದು, ಪೊರೆಗೆ ಆಪರೇಷನ್ ಇದೆ. ಓಡಿಸುವ ಸಾಮರ್ಥ್ಯವನ್ನೇ ಪರೀಕ್ಷಿಸಿ ಹೇಳುವ ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಇಲ್ಲಿದ್ದಾರೆ, ಮಕ್ಕಳು ನ್ಯಾಯಾಧೀಶರಾಗುವುದಕ್ಕಿಂತ ಅದು ಎಷ್ಟೋ ಮೇಲು. ಮರೆವಿನ ಕಾಯಿಲೆ ಗೊತ್ತಾಗಿದ್ದರೆ ಮಾತ್ರ ಕಾಯಬೇಡಿ, ಕೀಲಿ ನಿಮ್ಮ ಹತ್ತಿರ ಇರಲಿ.

ಆಮೇಲೂ ಅವರು ಜಮೀನಿಗೆ ಹೋಗಬಹುದು, ಪಕ್ಕದಲ್ಲಿ ಸೀಟು ಇದೆ. ಕೊಳ್ಳುವ ದಿನವೇ ಆ ಬದಿಯಿಂದಲೂ ಅವರನ್ನು ಹತ್ತಿಸಿ ಇಳಿಸಿ ನೋಡಿ. ಬಾಗಿಲು ಪೂರ್ತಿ ತೆರೆಯುತ್ತದೆಯೇ, ಹಿಡಿಕೆ ಎಡಗೈಗೂ ಬಲಗೈಗೂ ಸಿಗುತ್ತದೆಯೇ, ಬೆಲ್ಟಿನ ಬಕಲ್ ಬೆರಳಿಗೆ ಎಟುಕುತ್ತದೆಯೇ ಅನ್ನುವುದನ್ನು ಆ ಕಡೆಯೂ ಅಷ್ಟೇ ಗಮನಕೊಟ್ಟು ಪರೀಕ್ಷಿಸಿ.